ತೀರ್ಥಪುರದ ಶ್ರೀಕಂಠಯ್ಯನವರು ಮತ್ತು ಬೋರ್ಡು ಓದಲಾಗದ ನಮ್ಮಣ್ಣ

ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಣ್ಣ ಬೋರ್ಡು ಓದಿ ಬಸ್ಸು ಹತ್ತೋದಿಲ್ಲ. ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ, ಯಾವ ಮೂಲೇಲಿ ನಿಲ್ಲುತ್ತೆ, ಡ್ರೈವರ್ ಯಾವ ಊರಿನವನು, ಎಲ್ಲ ಅವನ ತಲೆಯಲ್ಲಿದೆ. ಅದರಲ್ಲೂ ಗೊತ್ತಾಗದೇ ಹೋದರೆ ಕನ್ನಡಕ ಮನೆಯಲ್ಲೇ ಬಿಟ್ಟು ಬಂದವನ ಹಾಗೆ ಕಣ್ಣು ಕಿರಿದು ಮಾಡಿ ಪಕ್ಕದವರನ್ನು ಕೇಳುತ್ತಾನೆ. ಅವನಿಗೆ ಕನ್ನಡಕವೇ ಇಲ್ಲ. ಅಟ್ಟದ ಮೇಲಿನ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಕರಟ ಬಿಟ್ಟಿದೆಯೋ ಇನ್ನೂ ನೀರಿದೆಯೋ ಹೇಳಬಲ್ಲ. ತಿಪಟೂರು ಎಪಿಎಂಸಿಯಲ್ಲಿ ಕ್ವಿಂಟಾಲಿಗೆ ಇವತ್ತು ಎಷ್ಟು ಅಂತ ಕೇಳಿದ ತಕ್ಷಣ ಕಾಯಿಗೆ ಎಷ್ಟು ಬಿತ್ತು ಅಂತ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಶಾಲೆ ಮಾತ್ರ ಐದನೇ ಕ್ಲಾಸಿಗೇ ಮುಗೀತು. ಮೇಷ್ಟ್ರು ದಡ್ಡ ಅಂದ್ರು, ಮನೆಯವರು ಒಪ್ಪಿಕೊಂಡರು, ಕೊನೆಗೆ ಅವನೂ ಒಪ್ಪಿಕೊಂಡ.

ಅವನಿಗಿದ್ದದ್ದು ದಡ್ಡತನ ಅಲ್ಲ, ಅದಕ್ಕೊಂದು ಹೆಸರಿದೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಅವನ ಮಗಳೇ ಹೈಸ್ಕೂಲಿನಲ್ಲಿದ್ದಳು. ಈಗ ಕೆಲವು ವರ್ಷಗಳಿಂದ ನಾನು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ, ಡಿಸ್ಲೆಕ್ಸಿಯಾ ಇರೋ ಮಕ್ಕಳಿಗೆ ಓದು ಕಲಿಸುವ ಕ್ರಮವನ್ನು ಹೇಳಿಕೊಡ್ತಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರೇ ಹೆಚ್ಚು. ಮೊದಲ ದಿನ ಬೆಳಿಗ್ಗೆ ಬೋರ್ಡಿನ ಮೇಲೆ ಒಂದೇ ಪದ ಬರೀತೀನಿ: ತೀರ್ಥಪುರ. ಇದರಲ್ಲಿ ಅಕ್ಷರ ಎಷ್ಟು, ಧ್ವನಿ ಎಷ್ಟು ಅಂತ ಕೇಳ್ತೀನಿ. ಅಕ್ಷರ ನಾಲ್ಕು ಅಂತ ಎಲ್ಲರೂ ಒಟ್ಟಿಗೇ ಹೇಳ್ತಾರೆ. ಧ್ವನಿ ಎಷ್ಟು ಅಂದಾಗ ಗದ್ದಲ ಶುರು. ಕೆಲವರು ನಾಲ್ಕೇ ಅಂತಾರೆ, ಕೆಲವರು ಆರು. ತ್, ಈ, ರ್, ಥ್, ಅ, ಪ್, ಉ, ರ್, ಅ ಅಂತ ಬೆರಳು ಮಡಿಸಿದರೆ ಒಂಬತ್ತು. ಇನ್ನೊಂದು ಪ್ರಶ್ನೆ: ಮೊದಲ ರ್ ಅನ್ನು ಥ ಗಿಂತ ಮುಂಚೆ ಹೇಳ್ತೀವಿ, ಆದರೆ ಬರೆಯೋದು ಎಲ್ಲಿ? ಥ ಆದಮೇಲೆ, ಅರ್ಕಾವತ್ತಾಗಿ. ಕಿವಿಗೆ ಮೊದಲು ಬಂದದ್ದು ಕಣ್ಣಿಗೆ ಆಮೇಲೆ ಬರುತ್ತೆ. ಮಾತಾಡಿದಂಗೆ ಬರೀತೀವಿ, ಬರೆದಂಗೆ ಓದ್ತೀವಿ, ಕನ್ನಡದಷ್ಟು ಸುಲಭದ ಲಿಪಿ ಇನ್ನೊಂದಿಲ್ಲ ಅಂತ ನಾವೆಲ್ಲ ಹೆಮ್ಮೆಪಡ್ತೀವಲ್ಲ, ಒಂದು ಊರಿನ ಹೆಸರಿನಲ್ಲೇ ಅದು ಅಷ್ಟು ನೇರ ಇಲ್ಲ ಅಂತ ಕಾಣುತ್ತೆ.

ಆ ಊರಿನ ಹೆಸರನ್ನೇ ಆರಿಸೋಕೆ ಇನ್ನೊಂದು ಕಾರಣ ಇದೆ. ಕನ್ನಡದ ಧ್ವನಿಗಳ ಬಗ್ಗೆ ಕಳೆದ ಶತಮಾನದಲ್ಲಿ ತುಂಬ ಆಳವಾಗಿ ಯೋಚನೆ ಮಾಡಿದವರಲ್ಲಿ ಒಬ್ಬರು ಹುಟ್ಟಿದ್ದು ಅಲ್ಲೇ. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ನೀವು ಬಲ್ಲ ಹೆಸರು ತೀ.ನಂ.ಶ್ರೀ.

ಆ ಮೂರು ಚುಟುಕು ಅಕ್ಷರಗಳನ್ನೇ ನೋಡಿ. ಇಂಗ್ಲಿಷಿನಲ್ಲಿ ಹೆಸರು ಚಿಕ್ಕದು ಮಾಡಿದರೆ ಟಿ.ಎನ್.ಎಸ್. ಆಗುತ್ತೆ, ಅಂದರೆ ಒಂದೊಂದು ಪದದಿಂದ ಒಂದೊಂದು ಅಕ್ಷರಮಾಲೆಯ ಗುರುತು. ಕನ್ನಡದಲ್ಲಿ ತೀ, ನಂ, ಶ್ರೀ: ವ್ಯಂಜನ, ಸ್ವರ, ಅನುಸ್ವಾರ, ಒತ್ತು ಎಲ್ಲವೂ ಕೂಡಿದ ಇಡೀ ಗಂಟು. ಕನ್ನಡಿಗರ ಮನಸ್ಸು ಓದುವ ಅಳತೆ ಈ ಗಂಟು. ಓದು ಬಂದವರಿಗೆ ಅದು ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತೆ. ನಮ್ಮಣ್ಣನಂಥವರಿಗೆ ಬಿಚ್ಚಿಕೊಳ್ಳೋದಿಲ್ಲ, ಯಾರಾದರೂ ಕೂತು ಬಿಚ್ಚಿ ತೋರಿಸಬೇಕು.

ಶ್ರೀಕಂಠಯ್ಯನವರು ಹುಟ್ಟಿದ್ದು 1906ರ ನವೆಂಬರ್ 26ರಂದು. ಈ ಸೀಮೆಗೆ ಕನ್ನಡದ ಕೆಲಸದಲ್ಲಿ ಒಂದು ಋಣಾನುಬಂಧ ಇದ್ದಂತಿದೆ. ಅವರಿಗಿಂತ 22 ವರ್ಷ ಮುಂಚೆ, 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದ್ದರು. ಮುಂದೆ ಒಬ್ಬ ಶ್ರೀಕಂಠಯ್ಯ ಮೈಸೂರಿನಲ್ಲಿ ಇನ್ನೊಬ್ಬ ಶ್ರೀಕಂಠಯ್ಯನ ಗುರುವಾದರು. ಒಂದೇ ತೆಂಗಿನ ಸೀಮೆಯ ಇಬ್ಬರನ್ನು ಕನ್ನಡ ಬಿ.ಎಂ.ಶ್ರೀ., ತೀ.ನಂ.ಶ್ರೀ. ಅಂತ ಬೇರೆ ಬೇರೆ ಮಾಡಿ ಕರೆಯಬೇಕಾಯ್ತು.

ಆದರೆ ಇಬ್ಬರೂ ಓದು ಮನೆಯೊಳಗೇ ಇದ್ದ ಸಮುದಾಯದಲ್ಲಿ ಹುಟ್ಟಿದವರು ಅನ್ನೋದನ್ನ ಹೇಳದೇ ಮುಂದೆ ಹೋದರೆ ತಪ್ಪಾಗುತ್ತೆ. ಆಗಿನ ಮೈಸೂರು ಸಂಸ್ಥಾನದಲ್ಲಿ ಹತ್ತು ಜನಕ್ಕೆ ಒಬ್ಬರಿಗೂ ಓದು ಬರ್ತಿರಲಿಲ್ಲ. ಕೆಲವು ಜಾತಿಯವರಿಗೆ ಶಾಲೆಯ ಬಾಗಿಲೇ ಇರಲಿಲ್ಲ. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡಿ ಅಂತ ಹೇಳಿದ ಮಿಲ್ಲರ್ ಸಮಿತಿ ಬಂದಾಗ ತೀರ್ಥಪುರದ ಹುಡುಗನಿಗೆ ಇನ್ನೂ ಹನ್ನೆರಡರ ಆಸುಪಾಸು. ಓದಲಾಗದ ಮಗು ಅಂತ ಒಂದು ಪ್ರತ್ಯೇಕ ಪ್ರಶ್ನೆ ಹುಟ್ಟಬೇಕಾದರೆ ಮೊದಲು ಎಲ್ಲರೂ ಶಾಲೆಯೊಳಗೆ ಬಂದಿರಬೇಕು. ಎಲ್ಲರೂ ಹೊರಗಿರುವಾಗ ಯಾರಿಗೆ ಓದು ಬರಲಿಲ್ಲ, ಯಾರಿಗೆ ಕಲಿಸಲೇ ಇಲ್ಲ ಅಂತ ಬೇರೆ ಮಾಡೋದು ಹೇಗೆ?

ಇಂಗ್ಲೆಂಡಿನಲ್ಲಿ ಅಷ್ಟರಲ್ಲಿ ಆ ಪ್ರಶ್ನೆ ಹುಟ್ಟಿತ್ತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನೋ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಲೆಕ್ಕ ಬರುತ್ತೆ, ಕಣ್ಣು ಸರಿಯಿದೆ, ಓದು ಮಾತ್ರ ಬರೋದಿಲ್ಲ. 1925ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಇಂಥ ಮಕ್ಕಳ ಬಗ್ಗೆ ಲೇಖನ ಪ್ರಕಟಿಸಿದರು. 1930ರ ದಶಕದಲ್ಲಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಅನ್ನೋ ಶಿಕ್ಷಕಿ, ಬೆಸ್ಸಿ ಸ್ಟಿಲ್‌ಮನ್ ಜೊತೆ ಸೇರಿ, ಆರ್ಟನ್ ಹೇಳಿದ್ದನ್ನು ತರಗತಿಯ ಕ್ರಮವಾಗಿ ಮಾಡಿದರು. ಧ್ವನಿಯಿಂದ ಶುರು ಮಾಡೋದು, ಒಂದರ ಮೇಲೊಂದು ಕಟ್ಟೋದು, ಯಾವುದನ್ನೂ ಮಗು ತಾನಾಗೇ ಊಹಿಸಲಿ ಅಂತ ಬಿಡದೇ ಇರೋದು, ಕಣ್ಣು, ಕಿವಿ, ಬಾಯಿ, ಕೈ ಎಲ್ಲಕ್ಕೂ ಒಟ್ಟಿಗೇ ಕೆಲಸ ಕೊಡೋದು. ಇವತ್ತು ಸ್ಟ್ರಕ್ಚರ್ಡ್ ಲಿಟರಸಿ ಅಂತ ಕರೆಯೋ ಕ್ರಮದ ಬೇರು ಅಲ್ಲಿದೆ.

ಅದೇ ವರ್ಷಗಳಲ್ಲಿ ತೀರ್ಥಪುರದ ಹುಡುಗ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದ. ಅಲ್ಲಿ ಬಿ.ಎಂ.ಶ್ರೀ. ಇದ್ದರು, ಎ.ಆರ್. ಕೃಷ್ಣಶಾಸ್ತ್ರಿ ಇದ್ದರು, ಟಿ.ಎಸ್. ವೆಂಕಣ್ಣಯ್ಯನವರೂ ಬಂದರು. 1927ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕನ್ನಡ ಎಂ.ಎ. ತೆರೆಯಿತು. ಅಲ್ಲಿಯವರೆಗೆ ಕನ್ನಡ ಅನ್ನೋದು ಉನ್ನತ ಪದವಿಗೆ ಯೋಗ್ಯವಾದ ವಿಷಯ ಅಂತಲೇ ಯಾರೂ ಎಣಿಸಿರಲಿಲ್ಲ. ತೀ.ನಂ.ಶ್ರೀ. ಇಂಗ್ಲಿಷ್ ಎಂ.ಎ. ಮಾಡಿದ್ದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನೂ ಪಾಸು ಮಾಡಿದರು, ರೆವೆನ್ಯೂ ಇಲಾಖೆಯ ದಾರಿ ಮುಂದೆ ತೆರೆದಿತ್ತು. ಆ ಕಾಲದಲ್ಲಿ ಅದು ಎಂಥ ಗದ್ದುಗೆ ಅಂತ ನಮ್ಮ ಕಡೆ ಹಿರಿಯರನ್ನ ಕೇಳಿ ನೋಡಿ. ಅಮಲ್ದಾರರು ಬಂದರೆ ಊರೇ ಎದ್ದು ನಿಲ್ತಿತ್ತು. ಅವರು ಅದನ್ನ ಬಿಟ್ಟು ಪಾಠ ಹೇಳೋ ಕೆಲಸಕ್ಕೆ ಬಂದರು, ಕನ್ನಡ ಎಂ.ಎ.ಯನ್ನೂ ಮಾಡಿದರು. ಮೈಸೂರು, ಬೆಂಗಳೂರು, ಧಾರವಾಡ ಮೂರೂ ಕಡೆ ಪಾಠ ಹೇಳಿದರು.

1932ರಲ್ಲಿ ಬಂದ ಒಲುಮೆ ಪ್ರೇಮಗೀತೆಗಳ ಸಂಕಲನ. ಕವಿಯಾಗಿ ಅವರನ್ನು ಪ್ರೀತಿಸುವವರು ಅದನ್ನ ಹಿಡಿದುಕೊಳ್ತಾರೆ. ನಾನು ಹಿಡಿದುಕೊಳ್ಳೋದು ಮೂರು ವರ್ಷ ಆದಮೇಲಿನ ಒಂದು ಪ್ರಬಂಧವನ್ನ. 1935ರಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಎಂಟನೇ ಅಧಿವೇಶನ ಮೈಸೂರಿನಲ್ಲಿ ನಡೀತು. ಅಲ್ಲಿ ಅವರು ಕನ್ನಡದ ಇ, ಉ, ಎ, ಒ ಸ್ವರಗಳು ಒಂದರ ಜಾಗಕ್ಕೆ ಒಂದು ಹೇಗೆ ಬರ್ತವೆ ಅನ್ನೋದರ ಬಗ್ಗೆ ಇಂಗ್ಲಿಷಿನಲ್ಲಿ ದೀರ್ಘ ಪ್ರಬಂಧ ಕೊಟ್ಟರು. ಕೇಳೋಕೆ ಒಣ ವಿಷಯ. ಆದರೆ ಹಿರಿಯ, ಹಿರಿಮೆ ಅಂತೀವಿ, ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ ಅಂತೀವಿ. ದೊಡ್ಡದು ಅನ್ನೋ ಅರ್ಥದ ಒಂದೇ ಬೇರು ಒಂದು ಕಡೆ ಹಿ, ಇನ್ನೊಂದು ಕಡೆ ಹೆ. ಮುಂದೆ ಇ ಬಂದಾಗ ಹಿಂದಿನ ಸ್ವರ ಅದರ ಕಡೆಗೆ ವಾಲುತ್ತೆ. ಉದಾಹರಣೆ ನನ್ನದು, ಪ್ರಶ್ನೆ ಅವರದು. 1958ರಲ್ಲಿ ಭದ್ರಿರಾಜು ಕೃಷ್ಣಮೂರ್ತಿ ಇದೇ ಬಗೆಯ ಪ್ರಶ್ನೆಯನ್ನು ದಕ್ಷಿಣ ದ್ರಾವಿಡ ಭಾಷೆಗಳಿಗೆಲ್ಲ ಹರಡಿ ಬರೆದರು. ದ್ರಾವಿಡ ಭಾಷಾವಿಜ್ಞಾನ ಓದುವವರು ಇವತ್ತಿಗೂ ಮೈಸೂರಿನ ಆ ಪ್ರಬಂಧವನ್ನು ಹೆಸರಿಸ್ತಾರೆ.

ನನಗೆ ಇಲ್ಲಿ ಮುಖ್ಯ ಅನ್ನಿಸೋದು ಆ ಕಿವಿ. ಬರಹವನ್ನು ಪಕ್ಕಕ್ಕಿಟ್ಟು, ಈ ಪದದೊಳಗೆ ಯಾವ ಧ್ವನಿ ಇದೆ, ಅದು ಪಕ್ಕದ ಧ್ವನಿಗೆ ಏನು ಮಾಡ್ತಿದೆ ಅಂತ ಕೇಳಿಸಿಕೊಳ್ಳೋ ಅಭ್ಯಾಸ. ಒಂದನೇ ಕ್ಲಾಸಿನ ಶಿಕ್ಷಕರಿಗೆ ಮೊದಲು ಬೇಕಾಗಿರೋದು ಇದೇ. ಡಿಸ್ಲೆಕ್ಸಿಯಾ ಇರೋ ಮಕ್ಕಳಲ್ಲಿ ಬಹುಪಾಲಿಗೆ ಕಣ್ಣಿನ ತೊಂದರೆ ಇಲ್ಲ, ಕಿವುಡೂ ಇಲ್ಲ. ಅಕ್ಷರ ಉಲ್ಟಾ ಕಾಣುತ್ತೆ ಅನ್ನೋದು ಸಿನಿಮಾ ನೋಡಿ ನಾವು ಕಲಿತ ಅರ್ಧ ಸತ್ಯ. ಪದದೊಳಗಿನ ಧ್ವನಿಗಳನ್ನು ಬಿಡಿಬಿಡಿಯಾಗಿ ಹಿಡಿಯೋದು, ಹಿಡಿದದ್ದನ್ನು ಬರಹದ ಗುರುತಿಗೆ ಬೇಗ ಬೇಗ ಹೊಂದಿಸೋದು ಅವರಿಗೆ ಕಷ್ಟ. ಕಾಯಿ ಅಲ್ಲಾಡಿಸಿ ಒಳಗಿನದನ್ನು ಹೇಳಬಲ್ಲ ನಮ್ಮಣ್ಣನಿಗೆ ಕೊಬ್ಬರಿ ಅನ್ನೋ ಪದದ ಒಳಗೇನಿದೆ ಅಂತ ಹೇಳೋಕೆ ಆಗ್ತಿರಲಿಲ್ಲ.

ಆ ಕೊಬ್ಬರಿಯನ್ನೇ ತಗೊಳ್ಳಿ. ಬರೆದರೆ ಕೊ, ಬ್ಬ, ರಿ. ಚಪ್ಪಾಳೆ ತಟ್ಟಿ ಹೇಳಿದರೆ ಕೊಬ್, ಬ, ರಿ. ಬಾಯಿ ಒಡೆಯೋ ಜಾಗ ಬೇರೆ, ಬರಹ ಒಡೆಯೋ ಜಾಗ ಬೇರೆ. ಮೊದಲ ಬ್ ಬಾಯಲ್ಲಿ ಕೊ ಜೊತೆ ಹೋಗುತ್ತೆ, ಹಾಳೆಯ ಮೇಲೆ ಮುಂದಿನ ಬ ಜೊತೆ ಅಂಟಿಕೊಳ್ಳುತ್ತೆ. ಮಗು ಕೊಬರಿ ಅಂತ ಬರೆದರೆ ಅದು ಅಡ್ಡಾದಿಡ್ಡಿ ತಪ್ಪಲ್ಲ, ಕರೆಕ್ಟಾಗಿ ಈ ಬಿರುಕಿನಲ್ಲಿ ಬಿದ್ದಿದೆ ಅಂತ ಅರ್ಥ. ಅದಕ್ಕೆ ಕೆಂಪು ಗೆರೆ ಎಳೆದು ಹತ್ತು ಸಲ ಬರಿ ಅಂದರೆ ಏನೂ ಆಗೋದಿಲ್ಲ, ಮಗು ಹತ್ತು ಸಲ ಕೊಬರಿ ಅಂತಲೇ ಬರೆಯುತ್ತೆ.

ಈ ವಿಷಯ ಕನ್ನಡಕ್ಕೆ ಹೊಸದೂ ಅಲ್ಲ. ಹೈಸ್ಕೂಲಿನಲ್ಲಿ ಛಂದಸ್ಸು ಓದಿದ್ದೀರಲ್ಲ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಉರು ಹೊಡೆದು ಎರಡು ಮಾರ್ಕ್ಸ್ ತಗೊಂಡಿದ್ದೀರಲ್ಲ? ಕೊಬ್ಬರಿಯಲ್ಲಿ ಕೊ ಯಾಕೆ ಗುರು? ಬಾಯಲ್ಲಿ ಅದು ಬರೀ ಕೊ ಅಲ್ಲ, ಕೊಬ್. ನಮ್ಮ ಛಂದಸ್ಸಿನವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಅದನ್ನ ನಾವು ಹತ್ತನೇ ಕ್ಲಾಸಿನ ಪ್ರಸ್ತಾರಕ್ಕೆ ಅಂತ ಎತ್ತಿಟ್ಟಿದ್ದೇವೆ, ಒಂದನೇ ಕ್ಲಾಸಿನಲ್ಲಿ ಕೊಬರಿ ಅಂತ ಬರೆಯೋ ಮಗುವಿನ ಹತ್ತಿರಕ್ಕೆ ತರಲೇ ಇಲ್ಲ. ತರಬೇತಿಯಲ್ಲಿ ಈ ಮಾತು ಬಂದಾಗ ಹಳೇ ಕನ್ನಡ ಮೇಷ್ಟ್ರುಗಳ ಮುಖ ನೋಡಬೇಕು. ಮೂವತ್ತು ವರ್ಷ ಗುರು ಲಘು ಹಾಕಿಸಿದವರು, ಅದರಿಂದ ಓದು ಕಲಿಸಬಹುದು ಅಂತ ಯಾರೂ ಹೇಳಿರಲಿಲ್ಲ.

ತೀ.ನಂ.ಶ್ರೀ. ಬಗ್ಗೆ ನನಗಿರೋ ದೊಡ್ಡ ಗೌರವ ಇಲ್ಲಿಯೇ. ಮೇಲಿನ ವಿದ್ವಾಂಸರ ಸಭೆಯಲ್ಲಿ ಸ್ವರಗಳ ಬಗ್ಗೆ ಮಾತಾಡಿದವರು ನಾಲ್ಕು ವರ್ಷಕ್ಕೆ, 1939ರಲ್ಲಿ, ಕನ್ನಡ ಮಧ್ಯಮ ವ್ಯಾಕರಣ ಬರೆದರು. ವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಕ. ಇಂಥ ಪುಸ್ತಕ ಬರೆದರೆ ವಿದ್ವತ್ ವಲಯದಲ್ಲಿ ಹೆಸರು ಬರೋದಿಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ. ಧ್ವನಿ, ಸಂಧಿ, ನಾಮಪದ, ಕ್ರಿಯಾಪದ, ಸಮಾಸ ಅಂತ ಕ್ರಮವಾಗಿ ಹೋಗುತ್ತೆ. ಹಳಗನ್ನಡ ಹೀಗಿತ್ತು, ಹೊಸಗನ್ನಡದಲ್ಲಿ ಹೀಗಾಯ್ತು ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತೆ. ಇವತ್ತಿಗೂ ಅಚ್ಚಾಗುತ್ತಿದೆ. ಶಿಕ್ಷಕರ ನೇಮಕಾತಿಗೆ, ಕೆಎಎಸ್‌ಗೆ ಓದುವವರ ಕೋಣೆಯಲ್ಲಿ ಸಿಗುತ್ತೆ. ಬರೆದವರು ಯಾರು ಅಂತ ಗೊತ್ತಿಲ್ಲದವರೂ ಅದನ್ನ ಓದಿದ್ದಾರೆ.

ಓದಲು ಕಷ್ಟಪಡುವ ಮಗುವಿಗೆ ವ್ಯಾಕರಣ ಯಾಕೆ ಅಂತ ನೀವು ಕೇಳಬಹುದು. ಕನ್ನಡದ ಪದ ಉದ್ದ. ತೆಂಗಿನತೋಟದವರಿಗೂ ಅನ್ನೋದು ಒಂದೇ ಪದ. ಮೂರನೇ ಕ್ಲಾಸಿನ ಮಗು ಅಕ್ಷರ ಅಕ್ಷರ ಕೂಡಿಸಿ ಕೊನೆಗೆ ಬರುವಷ್ಟರಲ್ಲಿ ಮೊದಲಿದ್ದದ್ದು ಮರೆತು ಹೋಗಿರುತ್ತೆ. ತೆಂಗಿನ, ತೋಟದ, ಅವರಿಗೆ, ಊ ಅಂತ ಕೀಲು ಇರೋ ಜಾಗದಲ್ಲಿ ಬಿಡಿಸೋದು ಗೊತ್ತಿದ್ದರೆ ಉಸಿರು ಸಿಗುತ್ತೆ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕ ಎಲ್ಲಿ ಹೋಯ್ತು, ಮನೆಯನ್ನು ಅನ್ನೋದರಲ್ಲಿ ಯ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಪುಟದ ಮೇಲಿನ ಪದ ಅಪರಿಚಿತ ಅನ್ನಿಸೋದಿಲ್ಲ. ಲೋಪ, ಆಗಮ, ಆದೇಶ ಅನ್ನೋ ಹೆಸರುಗಳು ಮಗುವಿಗೆ ಬೇಡ. ಶಿಕ್ಷಕರಿಗೆ ಬೇಕು. ನಾನು ತರಬೇತಿಯ ಎರಡನೇ ದಿನ ಆ ಪುಸ್ತಕದ ಸಂಧಿ ಭಾಗವನ್ನು ಮೇಜಿನ ಮೇಲಿಟ್ಟು, ನಾಲ್ಕನೇ ಕ್ಲಾಸಿನ ಪಾಠದ ಒಂದು ಪುಟ ಕೊಟ್ಟು, ಕೀಲು ಹುಡುಕಿ ಅಂತೀನಿ.

ಹಾಗಂತ ಪುಸ್ತಕವನ್ನು ದೇವರ ಪಟ ಮಾಡಿ ಗೋಡೆಗೆ ಹಾಕೋ ಅಗತ್ಯ ಇಲ್ಲ. ಅದು ಹೊಸ್ತಿಲು ದಾಟಿ ಒಳಗೆ ಬಂದವರಿಗೆ ಬರೆದದ್ದು. ಹೊಸ್ತಿಲಲ್ಲೇ ಎಡವಿದವರಿಗೆ ಅಲ್ಲ. ನಮ್ಮ ಶಾಲಾ ವ್ಯಾಕರಣಗಳು ಸಂಸ್ಕೃತದ ಚೌಕಟ್ಟನ್ನು ಕನ್ನಡದ ಮೇಲೆ ಹೇರಿವೆ ಅನ್ನೋ ಡಿ.ಎನ್. ಶಂಕರ ಭಟ್ಟರ ವಾದ ನಿಮಗೆ ಗೊತ್ತೇ ಇದೆ, ಅದರಲ್ಲಿ ಹುರುಳಿದೆ. ಮಹಾಪ್ರಾಣ ಕೈಬಿಟ್ಟರೆ ಮಕ್ಕಳಿಗೆ ಹಗುರ ಆಗುತ್ತೆ ಅನ್ನೋದೂ ನಿಜ. ಆದರೆ ಎಲ್ಲರ ಕನ್ನಡದ ಗೆಳೆಯರಿಗೆ ಒಂದು ಮಾತು: ಅಕ್ಷರ ಕಡಿಮೆ ಮಾಡಿದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಇರೋ ಮಗುವಿನ ತೊಡಕು ಬಿಡಿಸಿದ ಹಾಗಾಗೋದಿಲ್ಲ. ಕೊಬ್ಬರಿಯಲ್ಲಿ ಮಹಾಪ್ರಾಣವೇ ಇಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಗೋಜಲಿದೆ. ಇಲ್ಲಿ ಮನೆಮಾತಿನಲ್ಲಿ ಹಾಲು ಆಲಾಗುತ್ತೆ, ಹಳ್ಳಿ ಅಳ್ಳಿಯಾಗುತ್ತೆ. ಮಗು ಹಾಲು ಅನ್ನೋದನ್ನ ನೋಡಿ ಆಲು ಅಂತ ಓದಿದರೆ ಅದಕ್ಕೆ ಓದು ಬಂದಿದೆ, ತನ್ನ ಮಾತಿನಲ್ಲಿ ಓದಿದೆ ಅಷ್ಟೇ. ಅದನ್ನ ಕಾಯಿಲೆ ಅಂತ ಬರೆದುಕೊಳ್ಳೋ ಶಿಕ್ಷಕರನ್ನೂ ನೋಡಿದ್ದೀನಿ. ಟಿವಿಯಲ್ಲಿ ಅ-ಕಾರ ಹ-ಕಾರದ ಬಗ್ಗೆ ನಗುವ ಜಾತಿಯ, ವರ್ಗದ ಅಹಂಕಾರವೇ ತರಗತಿಯಲ್ಲಿ ಕೆಂಪು ಪೆನ್ನಾಗಿ ಬರುತ್ತೆ. ಆಡುಮಾತು ಯಾವುದು, ಕಲಿಸದೇ ಬಿಟ್ಟದ್ದು ಯಾವುದು, ನಿಜವಾದ ಓದಿನ ತೊಡಕು ಯಾವುದು ಅಂತ ಬೇರೆ ಮಾಡೋಕೆ ಶಿಕ್ಷಕರಿಗೆ ಭಾಷೆಯ ತಿಳಿವಳಿಕೆಯೇ ಬೇಕು. ಬರೀ ಕರುಣೆ ಸಾಕಾಗೋದಿಲ್ಲ.

ಅವರ ಮುಂದಿನ ಬದುಕನ್ನು ಬೇಗ ಹೇಳಿಬಿಡ್ತೀನಿ, ಯಾಕೆ ಅಂದರೆ ಸಾಹಿತ್ಯದ ವಿದ್ಯಾರ್ಥಿಗಳು ಅದನ್ನ ನನಗಿಂತ ಚೆನ್ನಾಗಿ ಬಲ್ಲರು. ಹರಿಹರನ ನಂಬಿಯಣ್ಣನ ರಗಳೆಯನ್ನು ಸಂಪಾದಿಸಿದರು. ಮುದ್ರಾರಾಕ್ಷ್ಸಸವನ್ನು ರಾಕ್ಷಸನ ಮುದ್ರಿಕೆ ಅಂತ ಕನ್ನಡಕ್ಕೆ ತಂದರು. 1953ರಲ್ಲಿ ಭಾರತೀಯ ಕಾವ್ಯಮೀಮಾಂಸೆ ಬಂತು. ರಸ, ಧ್ವನಿ, ಔಚಿತ್ಯ ಅಂತ ಸಂಸ್ಕೃತದಲ್ಲಿ ಹರಡಿದ್ದ ಒಂದು ದೊಡ್ಡ ಶಾಸ್ತ್ರವನ್ನು, ಸಂಸ್ಕೃತ ಬಾರದ ಕನ್ನಡಿಗನೂ ಪ್ರವೇಶಿಸುವ ಹಾಗೆ ಒಂದೇ ಪುಸ್ತಕದಲ್ಲಿ ಕ್ರಮವಾಗಿ ಬಿಡಿಸಿಟ್ಟರು. ಅವರ ಕೀರ್ತಿ ನಿಂತಿರೋದು ಅದರ ಮೇಲೆ. ನನಗೆ ಕಾಣೋದು, ಅಲ್ಲೂ ಅವರು ಮಾಡಿದ್ದು ಮೇಷ್ಟ್ರ ಕೆಲಸವೇ ಅನ್ನೋದು. ಕೆಲವರ ಹತ್ತಿರ ಮಾತ್ರ ಇದ್ದ ವಿದ್ಯೆಯ ಗಂಟು ಬಿಚ್ಚಿ ಎಲ್ಲರ ಮುಂದೆ ಹರಡೋದು.

1966ರ ಸೆಪ್ಟೆಂಬರ್ 7ರಂದು ತೀರಿಕೊಂಡರು. ಅರವತ್ತು ತುಂಬೋಕೆ ಎರಡೂವರೆ ತಿಂಗಳು ಬಾಕಿ ಇತ್ತು. ಅದೇ ವರ್ಷ ಜೂನ್‌ನಲ್ಲಿ ಕೊಠಾರಿ ಆಯೋಗ ತನ್ನ ವರದಿ ಕೊಟ್ಟಿತ್ತು. ಶಿಕ್ಷಕರ ತರಬೇತಿ ಸುಧಾರಿಸಬೇಕು, ಅಂಗವಿಕಲ ಮಕ್ಕಳನ್ನು ಸಾಧ್ಯವಾದಷ್ಟೂ ಎಲ್ಲರ ಜೊತೆ ಸಾಮಾನ್ಯ ಶಾಲೆಯಲ್ಲೇ ಓದಿಸಬೇಕು ಅಂತ ಅದರಲ್ಲಿತ್ತು. ಧ್ವನಿ ಬಲ್ಲ ವಿದ್ವಾಂಸರು ಒಂದು ಕಡೆ, ತರಬೇತಿಯ ವರದಿ ಇನ್ನೊಂದು ಕಡೆ. ಎರಡನ್ನೂ ಒಂದೇ ಕೋಣೆಗೆ ತರೋ ಕೆಲಸ ಆಗಲಿಲ್ಲ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಶಾಸನ, ಸಂಪಾದನೆ, ವಿಮರ್ಶೆ ಅಂತ ಬೆಳೆದವು. ಒಂದನೇ ಕ್ಲಾಸಿನಲ್ಲಿ ಅಕ್ಷರ ಹೇಗೆ ಕಲಿಸಬೇಕು ಅನ್ನೋದು ವಿದ್ವಾಂಸರ ಮರ್ಯಾದೆಗೆ ತಕ್ಕ ಪ್ರಶ್ನೆ ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ. ಕನ್ನಡ ಉಳಿಸಿ ಅನ್ನೋ ನಮ್ಮ ಹೋರಾಟಗಳಲ್ಲೂ ಈ ಪ್ರಶ್ನೆ ಕಂಡಿದ್ದು ಕಡಿಮೆ. ನಾಮಫಲಕದಲ್ಲಿ ಕನ್ನಡ ಎಷ್ಟು ಪಾಲು ಅಂತ ಜಗಳ ಆಡಿದ್ದೀವಿ, ಆ ಫಲಕ ಓದಲಾಗದ ಕನ್ನಡಿಗ ಮಗು ನಮ್ಮ ಲೆಕ್ಕಕ್ಕೆ ಬಂದಿಲ್ಲ.

ಏನೂ ಆಗಿಲ್ಲ ಅಂತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಅ ಆ ಇ ಈ ಅನುಕ್ರಮ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡೋದನ್ನ ರೂಢಿಗೆ ತಂತು. ಆ ಐದರಲ್ಲೇ ಸರ, ರಸ, ದರ, ಅರಸ, ಅಗಸ ಅಂತ ಓದಬಹುದು. ಕಲಿತದ್ದರಲ್ಲೇ ಓದೋಕೆ ಏನಾದರೂ ಸಿಗಬೇಕು ಅನ್ನೋ ಸ್ಟ್ರಕ್ಚರ್ಡ್ ಲಿಟರಸಿಯ ಮೊದಲ ಪಾಠ ನಮ್ಮ ಸರ್ಕಾರಿ ಶಾಲೆಯಲ್ಲಿ ಆಗಲೇ ಇತ್ತು. 2007ರಲ್ಲಿ ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್, ಕನ್ನಡದ ಮಕ್ಕಳಿಗೆ ಅಕ್ಷರ ಪೂರ್ತಿ ಕೈವಶ ಆಗೋಕೆ ಹಲವು ವರ್ಷ ಹಿಡಿಯುತ್ತೆ ಅಂತ ಸಂಶೋಧನೆಯಿಂದ ತೋರಿಸಿದರು. ಆಶ್ಚರ್ಯ ಏನಿಲ್ಲ. 34 ವ್ಯಂಜನಕ್ಕೆ 15 ಗುಣಿತ ಅಂದರೆ 510 ರೂಪ, ಅದರ ಮೇಲೆ ಒತ್ತುಗಳು. ಒಂದನೇ ಕ್ಲಾಸು ಮುಗಿಯೋದರೊಳಗೆ ಅಕ್ಷರ ಮುಗೀಬೇಕು ಅನ್ನೋ ನಮ್ಮ ಅವಸರಕ್ಕೆ ಬುಡ ಇಲ್ಲ. 2015ರಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಾಲಿ ಅನ್ನೋ ಪರೀಕ್ಷಾ ಸಾಧನ ತಂದರು, ಅದರಲ್ಲಿ ಕನ್ನಡವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ ಇಂಥವರನ್ನು ಗುರುತಿಸಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಅಂತ ಕಾನೂನೇ ಹೇಳುತ್ತೆ.

ಕಾನೂನು ಹೇಳುತ್ತೆ, ಸರಿ. ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಎರಡನೇ ಕ್ಲಾಸಿನಲ್ಲೇ ಪರೀಕ್ಷೆ ಆಗುತ್ತೆ, ಸ್ಪೆಷಲ್ ಎಜುಕೇಟರ್ ಬರ್ತಾರೆ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಹೆಚ್ಚುವರಿ ಸಮಯ, ಬರೆಯೋರ ನೆರವು ಎಲ್ಲದಕ್ಕೂ ಸರ್ಟಿಫಿಕೇಟು ಕೈಯಲ್ಲಿರುತ್ತೆ. ತುರುವೇಕೆರೆಯ ಒಳಹಳ್ಳಿಯ ಮಗುವಿಗೆ ಆ ಹೊತ್ತಿಗೆ ಕಾಯಿ ಸುಲಿಯೋ ಕೆಲಸ ಬಂದಿರುತ್ತೆ. ಒಂದೇ ತೊಡಕು ಒಂದು ಕಡೆ ಅಂಗವೈಕಲ್ಯ ಅನ್ನಿಸಿಕೊಂಡು ಹಕ್ಕು ಪಡೆಯುತ್ತೆ, ಇನ್ನೊಂದು ಕಡೆ ದಡ್ಡತನ ಅನ್ನಿಸಿಕೊಂಡು ಕೂಲಿಗೆ ಹೋಗುತ್ತೆ. ಮಧ್ಯೆ ಇರೋ ವ್ಯತ್ಯಾಸ ದುಡ್ಡಿನದು, ಮತ್ತೆ ತರಗತಿಯಲ್ಲಿ ನಿಂತವರಿಗೆ ಏನು ಗೊತ್ತು ಅನ್ನೋದರದು. ಮೊದಲನೆಯದು ನಾನು ಸರಿಮಾಡೋಕೆ ಆಗೋದಲ್ಲ. ಎರಡನೆಯದು ಆಗುತ್ತೆ.

ತರಬೇತಿಗೆ ಬರೋ ಶಿಕ್ಷಕರು ಮೊದಲು ಹೇಳೋದು ಟೈಮಿಲ್ಲ ಅಂತ. ಸುಳ್ಳಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ, ಯಾವುದೋ ಸಮೀಕ್ಷೆ, ಒಬ್ಬರೇ ಮೇಷ್ಟ್ರು ಇರೋ ಶಾಲೆ. ಅದಕ್ಕೇ ನಾವು ದಿನಕ್ಕೆ ಇಪ್ಪತ್ತು ನಿಮಿಷದ ಲೆಕ್ಕ ಇಟ್ಟಿದ್ದೀವಿ. ಮೊದಲು ಬರಹವೇ ಇಲ್ಲದೆ ಕಿವಿಯ ಕೆಲಸ: ತೆಂಗು ಅನ್ನೋದನ್ನ ಚಪ್ಪಾಳೆಯಲ್ಲಿ ಒಡೆಯೋದು, ತೆಂಗಿನ ಸೊನ್ನೆ, ತುಂಬುವಿನ ಸೊನ್ನೆ, ಸಂತೆಯ ಸೊನ್ನೆ, ಕಂಠದ ಸೊನ್ನೆ ಒಂದೇ ಥರ ಕೇಳುತ್ತಾ ಅಂತ ಕೇಳೋದು. ಬರಹದಲ್ಲಿ ಒಂದೇ ಗುರುತು, ಬಾಯಲ್ಲಿ ನಾಲ್ಕು ಬೇರೆ ಬೇರೆ ಜಾಗ. ಆಮೇಲೆ ಒಂದೇ ಒಂದು ಹೊಸ ಗುರುತು. ಅದನ್ನ ಮರಳಿನ ಮೇಲೆ ಧ್ವನಿ ಹೇಳ್ತಾ ಹೇಳ್ತಾ ಬರೆಯೋದು. ಮರಳಿನ ತಟ್ಟೆ ನೋಡಿದ ಕೂಡಲೇ ಯಾರಾದರೂ ಒಬ್ಬರು ಇದು ನಮ್ಮ ತಾತನ ಕಾಲದ ಕೂಲಿಮಠದ್ದೇ ಅಲ್ವಾ ಅಂತ ನಗ್ತಾರೆ. ಹೌದು, ಅದೇ ಮರಳು. ಆದರೆ ಮಠದಲ್ಲಿ ಅರ್ಥ ಆಗದವನಿಗೆ ಸಿಕ್ಕಿದ್ದು ಕೋಡಂಡ, ಬೆತ್ತ. ಬರೀ ಮರಳಿನಿಂದ ಯಾರಿಗೂ ಓದು ಬರೋದಿಲ್ಲ. ಕೈ ತಿದ್ದುವಾಗ ಬಾಯಿ ಏನು ಹೇಳುತ್ತೆ, ಕಿವಿ ಏನು ಕೇಳುತ್ತೆ ಅನ್ನೋದು ಒಂದೇ ಕ್ಷಣದಲ್ಲಿ ಕೂಡಬೇಕು. ಕೊನೆಗೆ ಕಲಿತ ಗುರುತುಗಳಿಂದಲೇ ಮಾಡಿದ ನಾಲ್ಕು ಸಾಲು ಓದು. ಇಷ್ಟೇ. ನಾಳೆ ಮತ್ತೆ ಇಲ್ಲಿಂದಲೇ.

ತಪ್ಪುಗಳನ್ನು ಬರೆದಿಡೋಕೆ ಒಂದು ನೋಟ್‌ಬುಕ್ ಇಡಿ ಅಂತೀನಿ. ಸೂರ್ಯ ಅನ್ನೋದನ್ನ ಮಗು ಸೂಯ್ರ ಅಂತ ಓದಿದರೆ ಅದು ಹಾಳೆಯ ಮೇಲಿದ್ದ ಕ್ರಮವನ್ನೇ ನಿಯತ್ತಾಗಿ ಓದಿದೆ. ಅರ್ಕಾವತ್ತಿನ ಗುಟ್ಟು ಅದಕ್ಕೆ ಯಾರೂ ಹೇಳಿಲ್ಲ. ಮೂರು ತಿಂಗಳ ಹಿಂದೆ ಒಬ್ಬ ಮೇಡಂ ಆ ನೋಟ್‌ಬುಕ್ ತಂದು ತೋರಿಸಿದರು. ಇಪ್ಪತ್ತಾರು ಮಕ್ಕಳಲ್ಲಿ ಮೂವರದು ಮಾತ್ರ ತಪ್ಪುಗಳು ವಾರ ಕಳೆದರೂ ಕಡಿಮೆ ಆಗಿರಲಿಲ್ಲ. ಉಳಿದವರಿಗೆ ಸರಿಯಾಗಿ ಕಲಿಸಿದ್ದಷ್ಟೇ ಸಾಕಾಗಿತ್ತು. ಆ ಮೂವರಿಗೆ ಇನ್ನೂ ನಿಧಾನ, ಇನ್ನೂ ಹೆಚ್ಚು ಸಲ ಬೇಕು ಅಂತ ಅವರಿಗೇ ಗೊತ್ತಾಗಿತ್ತು, ನನ್ನನ್ನು ಕೇಳಬೇಕಾಗಿರಲಿಲ್ಲ. ಮಧ್ಯಮ ವ್ಯಾಕರಣದ ಒಂದು ಪ್ರತಿ ಎಲ್ಲಿ ಸಿಗುತ್ತೆ ಅಂತ ಮಾತ್ರ ಕೇಳಿದರು.

ಹೋದ ವಾರ ಅಣ್ಣನ ಜೊತೆ ಬಸ್‌ಸ್ಟ್ಯಾಂಡಿನಲ್ಲಿದ್ದೆ. ತೀರ್ಥಪುರದ ಬೋರ್ಡು ಹಾಕಿದ್ದ ಬಸ್ಸು ಬಂತು. ಹೇಳು ನೋಡಣ ಅಂದೆ. ಅವನು ಬೋರ್ಡು ನೋಡದೇ ತೀರ್ಥಪುರ ಅಂದ, ಡ್ರೈವರ್ ಮುಖ ನೋಡಿ. ನಾನು ಬೆರಳಲ್ಲಿ ಕೊಂಬು ಬಾಲದ ಆ ಎರಡನೇ ಅಕ್ಷರ ತೋರಿಸಿ, ರ್ ಎಲ್ಲಿದೆ ಅಂತ ಕೇಳಿದೆ. ಥ ಹಿಂದೆ ಹುಡುಕಿದ, ಸಿಗಲಿಲ್ಲ. ಮುಂದೆ ಅಂಟಿಕೊಂಡಿರೋ ಗೀಟು ತೋರಿಸಿದೆ. ಮೊದಲು ಹೇಳೋದನ್ನ ಕೊನೆಗೆ ಯಾವನು ಬರೆದ ಅಂತ ಬೈದ. ಐವತ್ತು ದಾಟಿದವನು, ಆ ಪ್ರಶ್ನೆಯನ್ನ ಐದನೇ ಕ್ಲಾಸಿನಲ್ಲೇ ಕೇಳಬೇಕು ಅಂದುಕೊಂಡಿದ್ದನಂತೆ, ಹೊಡೀತಾರೆ ಅಂತ ಸುಮ್ಮನಾಗಿದ್ದನಂತೆ. ಬಸ್ಸು ಹೊರಟಿತು. ಅವನು ಅದರ ಹಿಂದಿನ ಬೋರ್ಡನ್ನೂ ನೋಡ್ತಾ ನಿಂತಿದ್ದ.